ಸಿ ಪ್ರಾಜೆಕ್ಟಿನಲ್ಲಿ ಹೆಡರ್ ಬದಲಿಸಿದಾಗಲೆಲ್ಲ ಮೇಕ್ ಕ್ಲೀನ್ ಕೊಡಬೇಕಾಗುತ್ತಿದೆ. ಎಲ್ಲ ಹೆಡರ್‌ಗಳನ್ನೂ ಒಂದೇ ಫೈಲಿಗೆ ಸೇರಿಸಿಬಿಡಲೇ?

ಬೇಡ, ಸೇರಿಸಬೇಡಿ. 40 ಫೈಲು, ಎಲ್ಲದಕ್ಕೂ ಇನ್‌ಕ್ಲೂಡ್ ಗಾರ್ಡ್ ಇದೆ, ಆದರೂ ಹೆಡರ್ ಮುಟ್ಟಿದರೆ ಪ್ರೋಗ್ರಾಂ ಏನೇನೋ ಆಡುತ್ತದೆ, ಮೇಕ್ ಕ್ಲೀನ್ ಕೊಟ್ಟು, ಅಂದರೆ ಹಿಂದೆ ಕಂಪೈಲ್ ಆದದ್ದನ್ನೆಲ್ಲ ಅಳಿಸಿ, ಮತ್ತೆ ಕಟ್ಟಿದರೆ ಸರಿಹೋಗುತ್ತದೆ ಎಂದಿದ್ದೀರಿ. ಓದುತ್ತಿದ್ದಂತೆ ಮುಳಬಾಗಿಲು ತಾಲ್ಲೂಕಿನ ಒಂದು ಡೇರಿ ಕಣ್ಣಮುಂದೆ ಬಂತು.

ಆಗ ನಾನು ಕೋಲಾರದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಹಳ್ಳಿ ಡೇರಿಗಳಲ್ಲಿ ಹಾಲು ಹಾಕಿದವರಿಗೆ ಚೀಟಿ ಕೊಡುವ ಯಂತ್ರ ನಮ್ಮದು. ತೂಕ ಮತ್ತು ಫ್ಯಾಟ್ ಓದಿ, ದರ ಕಟ್ಟಿ, ಪ್ರಿಂಟ್ ಮಾಡಬೇಕು. ಅದರ ಸಿ ಕೋಡ್ ನೋಡಿಕೊಳ್ಳುತ್ತಿದ್ದವನು ನಾನೊಬ್ಬನೇ. ಹಲವು ಸಿ ಫೈಲುಗಳು ಹಂಚಿಕೊಳ್ಳುವ ರೆಕಾರ್ಡ್.ಎಚ್ ಎಂಬ ಹೆಡರಿನಲ್ಲಿ ಒಂದು ಸ್ಟ್ರಕ್ಟ್, ಅಂದರೆ ಕೆಲವು ಮೌಲ್ಯಗಳನ್ನು ಸಾಲಾಗಿ ಒಟ್ಟಿಗಿಡುವ ಗುಂಪು, ಇತ್ತು: ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್. ಮೂರೂ ಎರಡೆರಡು ಬೈಟ್. ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ, ಕೂಡ ಬೇಕು ಎಂದರು. ಹಾಲು ಪರೀಕ್ಷಿಸುವ ಅನಲೈಜರ್ ಕಳಿಸುವ ಸಾಲಿನಲ್ಲಿ ಎಸ್‌ಎನ್‌ಎಫ್ ಮೊದಲು ಬರುತ್ತಿತ್ತು, ಅದಕ್ಕೇ ಸ್ಟ್ರಕ್ಟಿನಲ್ಲೂ ಫ್ಯಾಟ್‌ಗಿಂತ ಮೇಲೆ ಸೇರಿಸಿದೆ. ಚೀಟಿಯಲ್ಲಿ ಅದನ್ನು ತೋರಿಸುವ ಕೆಲಸ ಇನ್ನೂ ಬಾಕಿ ಇತ್ತು, ಹಾಗಾಗಿ ಪ್ರಿಂಟ್.ಸಿ ಫೈಲನ್ನು ಮುಟ್ಟಲಿಲ್ಲ. ಡೇರಿಯಲ್ಲೇ ಕೂತು, ಲ್ಯಾಪ್‌ಟಾಪಿನಲ್ಲಿ ಮೇಕ್ ಕೊಟ್ಟು, ಬೋರ್ಡಿಗೆ ಹಾಕಿದೆ.

ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ಸಾಲು ನಿಂತಿತ್ತು. ಮೊದಲನೆಯವರ ಹಾಲು, ಪರದೆಯ ಮೇಲೆ ಫ್ಯಾಟ್ 4.1. ಚೀಟಿಯಲ್ಲಿ 8.5. ದರದ ಲೆಕ್ಕವೂ ಪ್ರಿಂಟ್.ಸಿ ಒಳಗೇ ಇದ್ದದ್ದರಿಂದ ಹಣವೂ ಅದಕ್ಕೆ ತಕ್ಕಂತೆ ಏರಿತ್ತು. ಎರಡನೆಯವರದ್ದು 8.4. ಮೂರನೆಯವರದ್ದು 8.6. ನಾನು ಪ್ರಿಂಟರಿನ ಕೇಬಲ್ ಬದಲಿಸಿದೆ, ಅರ್ಥಿಂಗ್ ನೋಡಿದೆ. ಪಕ್ಕದಲ್ಲಿ ನಿಂತಿದ್ದ ಸೆಕ್ರೆಟರಿ, 'ಸಾರ್, ಹಸುವಿನ ಹಾಲಿಗೆ 8.5 ಅಂದ್ರೆ ಅದು ಎಸ್‌ಎನ್‌ಎಫ್ ಅಲ್ವಾ?' ಅಂದರು. ಅವರ ಮಾತು ಅಕ್ಷರಶಃ ಸರಿಯಿತ್ತು. ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಆ ಹೊತ್ತಿನ ಚೀಟಿಗಳನ್ನೆಲ್ಲ ವಾಪಸ್ ಪಡೆದು ಅವರು ಕೈಯಲ್ಲಿ ಬರೆದುಕೊಡಬೇಕಾಯಿತು. ಆಫೀಸಿಗೆ ಬಂದು ಎಂದಿನಂತೆ ಮೇಕ್ ಕ್ಲೀನ್ ಮಾಡಿ ಕಟ್ಟಿದರೆ ಯಂತ್ರ ಸರಿಯಾಗಿತ್ತು! ಎರಡು ದಿನ ಇಲ್ಲದ ಹಾರ್ಡ್‌ವೇರ್ ದೋಷ ಹುಡುಕಿದೆ. ಅಷ್ಟರಲ್ಲಿ ಆ ಡೇರಿಯವರು ಯಂತ್ರವೇ ಬೇಡ ಎಂದು ಹಿಂದಕ್ಕೆ ಕಳಿಸಿದರು.

ಆದದ್ದು ಇಷ್ಟು. ಮೇಕ್‌ಗೆ ಸಿ ಭಾಷೆ ಗೊತ್ತಿಲ್ಲ. ಯಾವ ಫೈಲು ಯಾವುದರ ಮೇಲೆ ನಿಂತಿದೆ ಎಂದು ನಾವು ಹೇಳಬೇಕು, ಅದು ಫೈಲಿನ ಸಮಯ ನೋಡಿ ಯಾವುದನ್ನು ಮತ್ತೆ ಕಂಪೈಲ್ ಮಾಡಬೇಕೆಂದು ತೀರ್ಮಾನಿಸುತ್ತದೆ. ನಾನು ಆ ಪಟ್ಟಿಯನ್ನು ಕೈಯಲ್ಲೇ ಬರೆದಿಟ್ಟಿದ್ದೆ. ಪ್ರಿಂಟ್.ಸಿ ಕಂಪೈಲ್ ಆದಾಗ ಹುಟ್ಟುವ ಪ್ರಿಂಟ್.ಓ ಎದುರಿಗೆ ಪ್ರಿಂಟ್.ಸಿ, ಬಿಲ್.ಎಚ್ ಎಂದಿತ್ತು. ರೆಕಾರ್ಡ್.ಎಚ್ ಇರಲಿಲ್ಲ. ಯಾಕೆಂದರೆ ಪ್ರಿಂಟ್.ಸಿ ಅದನ್ನು ನೇರವಾಗಿ ಇನ್‌ಕ್ಲೂಡ್ ಮಾಡಿರಲಿಲ್ಲ, ಬಿಲ್.ಎಚ್ ಒಳಗಿಂದ ಬರುತ್ತಿತ್ತು. ಹೀಗಾಗಿ ಪರದೆಯ ಕೋಡ್ ಹೊಸ ಸ್ಟ್ರಕ್ಟ್ ಪ್ರಕಾರ ಕಂಪೈಲ್ ಆಯಿತು, ಪ್ರಿಂಟ್.ಓ ಹಳೆಯದೇ ಉಳಿಯಿತು. ಹಳೆಯ ಲೆಕ್ಕದಲ್ಲಿ ಫ್ಯಾಟ್ ಇದ್ದದ್ದು ನಾಲ್ಕು ಬೈಟ್ ದಾಟಿದ ಮೇಲೆ. ಹೊಸ ಸ್ಟ್ರಕ್ಟಿನಲ್ಲಿ ಆ ಜಾಗದಲ್ಲಿ ಕೂತಿದ್ದು ಎಸ್‌ಎನ್‌ಎಫ್. ಕಂಪೈಲ್ ಆದ ಫೈಲುಗಳನ್ನು ಒಂದೇ ಪ್ರೋಗ್ರಾಮಾಗಿ ಸೇರಿಸುವ ಲಿಂಕರ್ ಹಿಡಿಯಬೇಕಿತ್ತಲ್ಲ ಎಂದು ಕೇಳಬಹುದು. ಸಿಯಲ್ಲಿ ಲಿಂಕರ್ ಹೆಸರುಗಳನ್ನು ಜೋಡಿಸುತ್ತದೆ ಅಷ್ಟೆ, ಸ್ಟ್ರಕ್ಟಿನ ಅಳತೆ ನೋಡುವುದಿಲ್ಲ. ಎಸ್‌ಎನ್‌ಎಫ್ ಅನ್ನು ಕೊನೆಗೆ ಸೇರಿಸಿದ್ದರೆ ಆ ದಿನ ಏನೂ ಕಾಣುತ್ತಿರಲಿಲ್ಲ. ರೆಕಾರ್ಡ್‌ಗಳ ಅರೇ ಮಾಡಿದ ದಿನ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೋಗಿ, ಇದಕ್ಕಿಂತ ಕೆಟ್ಟದಾಗುತ್ತಿತ್ತು.

1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಬರೆದದ್ದೇ ಇಂಥ ಬೆಳಗಿನಿಂದ. ಸಹೋದ್ಯೋಗಿ ಸ್ಟೀವ್ ಜಾನ್ಸನ್ ತಪ್ಪು ತಿದ್ದಿದ್ದರು, ಆದರೆ ಆ ಫೈಲು ಮತ್ತೆ ಕಂಪೈಲ್ ಆಗಿರಲಿಲ್ಲ. ಸರಿಯಿದ್ದ ಪ್ರೋಗ್ರಾಮಿನಲ್ಲೇ ತಪ್ಪು ಹುಡುಕುತ್ತಾ ಒಂದು ಬೆಳಗು ಕಳೆದರು.

ಇನ್ನು ನಿಮ್ಮ ವಿಷಯ. ಇನ್‌ಕ್ಲೂಡ್ ಗಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಒಂದು ಸಿ ಫೈಲು ಕಂಪೈಲ್ ಆಗುವಾಗ ಅದೇ ಹೆಡರ್ ಎರಡು ಸಲ ಬರದಂತೆ ತಡೆಯುವುದಷ್ಟೇ ಅದರ ಕೆಲಸ. ಒಂದೇ ದೊಡ್ಡ ಹೆಡರ್ ಮಾಡಿ ಮೇಕ್‌ಗೆ ಹೇಳಿದರೆ ಒಂದು ಸಾಲು ಬದಲಾದರೂ 40 ಫೈಲೂ ಕಂಪೈಲ್ ಆಗುತ್ತವೆ, ಹೇಳದಿದ್ದರೆ ಈಗಿನ ಕಾಯಿಲೆ ಹಾಗೇ ಉಳಿಯುತ್ತದೆ. ಯಾವ ಫೈಲಿಗೆ ನಿಜವಾಗಿ ಯಾವ ಹೆಡರ್ ಬೇಕು ಎಂಬುದೂ ಕಣ್ಣಿಗೆ ಕಾಣದಂತಾಗುತ್ತದೆ.

ಪಟ್ಟಿ ಬರೆಯುವ ಕೆಲಸವನ್ನು ಕಂಪೈಲರಿಗೇ ಬಿಡಿ. ಯಾವ ಹೆಡರ್ ತೆರೆಯಿತು ಎಂದು ಅದಕ್ಕೇ ಗೊತ್ತು. ಜಿಸಿಸಿ ಕಂಪೈಲರಿಗೆ -ಎಂಎಂಡಿ ಮತ್ತು -ಎಂಪಿ ಎಂಬ ಎರಡು ಆಯ್ಕೆ ಕೊಡಿ. ಮೊದಲನೆಯದು ಪ್ರತಿ .ಓ ಪಕ್ಕ ಆ ಪಟ್ಟಿಯಿರುವ ಒಂದು .ಡಿ ಫೈಲ್ ಬರೆಯುತ್ತದೆ. ಸುತ್ತಿಬಳಸಿ ಬಂದ ಹೆಡರ್‌ಗಳೂ ಅದರಲ್ಲಿರುತ್ತವೆ, ಸಿಸ್ಟಂ ಹೆಡರ್‌ಗಳನ್ನು ಮಾತ್ರ ಬಿಡುತ್ತದೆ. ಎರಡನೆಯದು ಮುಂದೆ ಯಾವುದಾದರೂ ಹೆಡರನ್ನು ಅಳಿಸಿದಾಗ ಮೇಕ್ ತಕರಾರು ಎತ್ತದಂತೆ ನೋಡಿಕೊಳ್ಳುತ್ತದೆ. ಮೇಕ್‌ಫೈಲಿನ ಕೊನೆಗೆ ಈ .ಡಿ ಫೈಲುಗಳನ್ನು ಇನ್‌ಕ್ಲೂಡ್ ಮಾಡಿ. ಇನ್‌ಕ್ಲೂಡ್ ಪದಕ್ಕೆ ಮೊದಲು ಹೈಫನ್ ಇರಲಿ, ಆಗ ಫೈಲು ಇನ್ನೂ ಹುಟ್ಟಿರದಿದ್ದರೂ ಮೇಕ್ ನಿಲ್ಲುವುದಿಲ್ಲ.

ಪ್ರತಿ ಸಿ ಫೈಲಿನ ಮೊದಲ ಇನ್‌ಕ್ಲೂಡ್ ಅದರದ್ದೇ ಹೆಡರ್ ಆಗಿರಲಿ. ಆ ಹೆಡರಿನಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಪಾಯಿಂಟರ್ ಮಾತ್ರ ಬಳಸುವ ಕಡೆ ಸ್ಟ್ರಕ್ಟಿನ ಹೆಸರನ್ನು ಘೋಷಿಸಿದರೆ ಸಾಕು, ಹೆಡರ್ ಎಳೆದುತರಬೇಡಿ.

ಒಂದು ಎಚ್ಚರಿಕೆ: ಕಂಪೈಲರ್ ಆಯ್ಕೆಗಳು ಬದಲಾದದ್ದು .ಡಿ ಫೈಲಿಗೆ ತಿಳಿಯುವುದಿಲ್ಲ. ಅದಕ್ಕೆ ಮೇಕ್‌ಫೈಲನ್ನೇ ಎಲ್ಲ .ಓ ಫೈಲುಗಳ ಅವಲಂಬನೆಗೆ ಸೇರಿಸಿ. ಇಷ್ಟಾದ ಮೇಲೆ ಒಂದು ಸಲ ಮೇಕ್ ಕ್ಲೀನ್ ಕೊಟ್ಟು ಪೂರ್ತಿ ಕಟ್ಟಿ. ಆಮೇಲೆ ಅತಿ ಒಳಗಿನ ಒಂದು ಹೆಡರಿಗೆ ಟಚ್ ಕೊಟ್ಟು (ಫೈಲಿನ ಸಮಯವನ್ನು ಮಾತ್ರ ಹೊಸದು ಮಾಡುವ ಆಜ್ಞೆ), ಮೇಕ್ ಓಡಿಸಿ, ಯಾವ ಯಾವ ಫೈಲು ಕಂಪೈಲ್ ಆಯಿತು ಎಂದು ನೋಡಿ. ಬರಬೇಕಾದದ್ದು ಬರದಿದ್ದರೆ ಮೇಕ್‌ಫೈಲನ್ನು ಇಲ್ಲೇ ಹಾಕಿ, ನೋಡುತ್ತೇನೆ.