ಕೊಡಗಿನ ಮೂಲೆಯ ಕ್ಯಾಮೆರಾವನ್ನು ಯಾರು ಹುಡುಕಿಕೊಂಡು ಬರ್ತಾರೆ?

ಕಾಫಿ ಕೊಯ್ಲು ಹತ್ತಿರ ಬಂತು ಅಂದರೆ ಕ್ಯಾಮೆರಾ ಬಗ್ಗೆ ಪತ್ರಗಳೂ ಬರುತ್ತವೆ. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದವರು ಇಬ್ಬರೇ. ಕ್ಯಾಮೆರಾ ಬೇಕು ಅನ್ನಿಸುವುದು ಸಹಜ. ಯಾವ ಕಂಪನಿ, ಎಷ್ಟು ಮೆಗಾಪಿಕ್ಸೆಲ್ ಅನ್ನುವ ಪ್ರಶ್ನೆಗಳನ್ನು ಬಿಟ್ಟಿದ್ದೇನೆ, ಅಂಗಡಿಯವರೇ ಹೇಳುತ್ತಾರೆ. ಈ ಸಲ ಒಂದೇ ಪ್ರಶ್ನೆಗೆ ಉದ್ದ ಉತ್ತರ. ವರ್ಷಗಳಿಂದ ಅದೇ ಬರುತ್ತಿದೆ, ಪ್ರತಿ ಸಲ ಓದಿದಾಗಲೂ ನನಗೆ ಸಂಕಟವಾಗುತ್ತದೆ.

ಪೊನ್ನಂಪೇಟೆ ಹತ್ತಿರದ ನಮ್ಮ ತೋಟದ ಮನೆಗೆ ನಾಲ್ಕು ಕ್ಯಾಮೆರಾ ಹಾಕಿಸಿದ್ದೇವೆ. ಮಗ ಬೆಂಗಳೂರಿನಿಂದ ನೋಡಲಿ ಅಂತ, ಹಾಕಿದ ಹುಡುಗ ಪೋರ್ಟ್ ಫಾರ್ವರ್ಡ್ ಮಾಡಿಕೊಟ್ಟ. ಅದು ಅಪಾಯ ಅಂತ ಮಗ ಹೇಳ್ತಾನೆ. ಕೊಡಗಿನ ಮೂಲೆಯಲ್ಲಿರೋ ನಮ್ಮ ಕ್ಯಾಮೆರಾನ ಯಾರು ಹುಡುಕಿಕೊಂಡು ಬರ್ತಾರೆ ಸಾರ್?

ನಿಮ್ಮ ಮಗ ಹೇಳಿದ್ದು ಸರಿ. ಪೋರ್ಟ್ ಫಾರ್ವರ್ಡ್ ಅಂದರೆ ಹೊರಗಿನವರು ಇಂಟರ್ನೆಟ್ಟಿನಿಂದ ನೇರವಾಗಿ ಕ್ಯಾಮೆರಾದವರೆಗೆ ಬರುವಂತೆ ರೂಟರ್‌ನಲ್ಲಿ ಒಂದು ಬಾಗಿಲು (ಪೋರ್ಟ್) ತೆರೆದಿಡುವುದು. ಇಂಟರ್ನೆಟ್ಟಿನಲ್ಲಿ ಮೂಲೆ ಅನ್ನುವುದೇ ಇಲ್ಲ. ಇಂಟರ್ನೆಟ್ಟಿನಲ್ಲಿ ಮನೆ ನಂಬರಿನಂತಿರುವ ಐಪಿ ವಿಳಾಸಗಳು, ಹಳೆಯ ಮಾದರಿಯವು, ಎಲ್ಲಾ ಸೇರಿ ಸುಮಾರು 430 ಕೋಟಿ. 2013ರಲ್ಲೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಝಡ್‌ಮ್ಯಾಪ್ ಅನ್ನುವ ತಂತ್ರಾಂಶ ಮಾಡಿದರು. ಒಂದೇ ಕಂಪ್ಯೂಟರು, ಒಳ್ಳೆಯ ಕನೆಕ್ಷನ್ನು. ಅಷ್ಟರಲ್ಲೇ 45 ನಿಮಿಷದೊಳಗೆ ಅಷ್ಟೂ ವಿಳಾಸಗಳ ಒಂದು ಪೋರ್ಟನ್ನು ತಟ್ಟಿ ನೋಡಬಹುದು. ತಟ್ಟುವ ಯಂತ್ರಕ್ಕೆ ಪೊನ್ನಂಪೇಟೆ ಯಾವುದು, ಪ್ಯಾರಿಸ್ ಯಾವುದು ಗೊತ್ತಿಲ್ಲ. ಬಾಗಿಲು ತೆರೆದಿದೆಯಾ ಅನ್ನುವುದಷ್ಟೇ ಅದಕ್ಕೆ ಬೇಕು.

2016ರಲ್ಲಿ ಮಿರಾಯ್ ಅನ್ನುವ ವೈರಸ್ ಹರಡಿದ್ದು ಹೀಗೇ. ಅದರ ಹತ್ತಿರ ಇದ್ದದ್ದು ಕಂಪನಿಗಳು ಹಾಕಿಕೊಟ್ಟ 60ಕ್ಕೂ ಹೆಚ್ಚು ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ. ಕ್ಯಾಮೆರಾ, ಡಿವಿಆರ್ (ವಿಡಿಯೋ ರೆಕಾರ್ಡ್ ಮಾಡುವ ಪೆಟ್ಟಿಗೆ), ರೂಟರ್ ಸಿಕ್ಕಲ್ಲೆಲ್ಲ ಅವನ್ನೇ ಹಾಕಿ ನೋಡುತ್ತಾ ಹೋಯಿತು. ಆ ವರ್ಷ ಅಕ್ಟೋಬರ್ 21ರಂದು ಅಂಥ ಸಾಧನಗಳೆಲ್ಲ ಒಟ್ಟಿಗೆ ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡೈನ್ ಅನ್ನುವ ಕಂಪನಿಯ ಸರ್ವರ್‌ಗಳ ಮೇಲೆ ಮುಗಿಬಿದ್ದವು. ಟ್ವಿಟರ್, ನೆಟ್‌ಫ್ಲಿಕ್ಸ್ ಎಷ್ಟೋ ಕಡೆ ತೆರೆಯಲೇ ಇಲ್ಲ. ಕ್ಯಾಮೆರಾಗಳ ಮಾಲೀಕರಿಗೆ ಅದು ಗೊತ್ತೇ ಆಗಿರಲಿಲ್ಲ. ಅವರ ಮನೆಯಲ್ಲಿ ಚಿತ್ರ ಎಂದಿನಂತೆ ಬರುತ್ತಿತ್ತು.

'ಆಫ್ ಮಾಡಿ ಆನ್ ಮಾಡಿದರೆ ವೈರಸ್ ಹೋಗುತ್ತೆ' ಅಂತ ಹೇಳುವವರಿದ್ದಾರೆ. ಅರ್ಧ ಸತ್ಯ. ಮಿರಾಯ್ ಇರುವುದು ಮೆಮೊರಿಯಲ್ಲಿ, ಕರೆಂಟ್ ತೆಗೆದರೆ ಹೋಗುತ್ತದೆ. ಆದರೆ ಪಾಸ್‌ವರ್ಡ್ ಹಳೆಯದೇ, ಬಾಗಿಲು ತೆರೆದೇ ಇದೆ ಅಂದರೆ ಸ್ವಲ್ಪ ಹೊತ್ತಿನಲ್ಲೇ ವಾಪಸ್ ಬರುತ್ತದೆ. ಪೋರ್ಟ್ ನಂಬರ್ ಬದಲಾಯಿಸಿದರೆ ಸಿಗಲ್ಲ ಅನ್ನುವುದೂ ಸುಳ್ಳು. ಒಂದು ವಿಳಾಸಕ್ಕೆ 65,535 ಪೋರ್ಟುಗಳು, ಅವನ್ನೆಲ್ಲ ತಟ್ಟಿ ನೋಡುವುದು ಯಂತ್ರಕ್ಕೆ ದೊಡ್ಡ ಕೆಲಸವಲ್ಲ.

ಕಳ್ಳ ಹೊರಗಿನವನೇ ಆಗಿರಬೇಕು ಅಂತಲೂ ಇಲ್ಲ. ಕಳೆದ ಮಳೆಗಾಲಕ್ಕೆ ಮುಂಚೆ ವಿರಾಜಪೇಟೆ ಕಡೆ ಒಂದು ಮನೆಗೆ ಹೋಗಿದ್ದೆ. ಕ್ಯಾಮೆರಾಗಳ ವಿಡಿಯೋ ಶೇಖರಿಸುವ ಪೆಟ್ಟಿಗೆ, ಅಂದರೆ ಎನ್‌ವಿಆರ್‌ನ ಯೂಸರ್ ಪಟ್ಟಿ ತೆರೆದರೆ ಮೂರು ಹೆಸರು. ಒಂದು ಅಡ್ಮಿನ್, ಒಂದು ಮಗಳದು. ಮೂರನೆಯದು ಯಾರದು ಅಂತ ಮನೆಯವರಿಗೆ ಗೊತ್ತಿಲ್ಲ. ಕ್ಯಾಮೆರಾ ಹಾಕಿದವನಿಗೆ ಫೋನ್ ಮಾಡಿದೆವು. 'ಸರ್ವಿಸ್‌ಗೆ ಬೇಕಾಗುತ್ತೆ ಅಂತ ನಾನೇ ಇಟ್ಟುಕೊಂಡಿದ್ದೆ' ಅಂದ. ಅಡ್ಮಿನ್ ಪಾಸ್‌ವರ್ಡ್ ಅಡಾಪ್ಟರ್ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು: ಅಂಗಡಿ ಹೆಸರು, ಮುಂದೆ 123. ಅದೇ ಪಾಸ್‌ವರ್ಡನ್ನು ಅಲ್ಲೇ ಸುತ್ತಮುತ್ತ ಇನ್ನೆರಡು ಮನೆಗಳಲ್ಲಿ ನೋಡಿದ್ದೆ. ಮನೆಯ ಅಮ್ಮ ಊಟದ ಮೇಜಿನ ಎದುರಿನ ಕ್ಯಾಮೆರಾವನ್ನೇ ನೋಡುತ್ತಾ ನಿಂತರು. 'ಎರಡು ವರ್ಷ ಇದರ ಮುಂದೆಯೇ ಕೂತು ಊಟ ಮಾಡಿದ್ದೀವಲ್ಲಾ' ಅಂದರು. ಹೀಗೆ ಕೆಲಸ ಮಾಡುವವರನ್ನು ಮನೆಯೊಳಗೆ ಬಿಡಬೇಡಿ. ಅಂದೇ ಆ ಕ್ಯಾಮೆರಾ ಬಿಚ್ಚಿ ವರಾಂಡಕ್ಕೆ ಹಾಕಿದೆ. ಮನೆಯೊಳಗೆ ಕ್ಯಾಮೆರಾ ಹಾಕುವುದಕ್ಕೆ ನಾನು ಸುಮ್ನೆ ಒಪ್ಪುವುದಿಲ್ಲ.

ಈಗ ನೀವು ಮಾಡಬೇಕಾದದ್ದು. ಮಗ ಮುಂದಿನ ಸಲ ಊರಿಗೆ ಬಂದಾಗ ರೂಟರ್ ಪೇಜ್ ತೆರೆಯಲಿ. ಪೋರ್ಟ್ ಫಾರ್ವರ್ಡಿಂಗ್, ವರ್ಚುವಲ್ ಸರ್ವರ್, ಡಿಎಂಝಡ್ ಅಂತ ಇರುವ ಕಡೆ ಏನೇ ಬರೆದಿದ್ದರೂ ಅಳಿಸಲಿ. ಯುಪಿಎನ್‌ಪಿಯನ್ನು ರೂಟರ್‌ನಲ್ಲೂ ಎನ್‌ವಿಆರ್‌ನಲ್ಲೂ ಆಫ್ ಮಾಡಲೇಬೇಕು. ಇದನ್ನು ಮರೆತರೆ ಎನ್‌ವಿಆರ್ ತಾನೇ ಕೇಳಿಕೊಂಡು ಬಾಗಿಲನ್ನು ಮತ್ತೆ ತೆರೆಸುತ್ತದೆ. ಆಮೇಲೆ ಗೊತ್ತಿಲ್ಲದ ಯೂಸರ್‌ಗಳನ್ನೆಲ್ಲ ತೆಗೆದು, ಕಂಪನಿಯ ಹೊಸ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಹಾಕಿ, ಪಾಸ್‌ವರ್ಡ್ ಬದಲಾಯಿಸಿ. ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿದರೆ ಸಾಕು, ಉದ್ದ ಇರಲಿ. ಮನೆಯ ಡೈರಿಯಲ್ಲಿ ಬರೆದು ಬೀರುವಿನಲ್ಲಿಡಿ, ತಪ್ಪಿಲ್ಲ. ಅಡಾಪ್ಟರ್ ಮೇಲೆ ಮಾತ್ರ ಬೇಡ.

ಬೆಂಗಳೂರಿನಿಂದ ನೋಡುವುದಕ್ಕೆ ಕಂಪನಿಯ ಆ್ಯಪ್ ಸಾಕು, ಅದಕ್ಕೆ ಪೋರ್ಟ್ ತೆರೆಯಬೇಕಾಗಿಲ್ಲ. ಆ್ಯಪ್ ಖಾತೆಗೆ ಒಟಿಪಿ ಸಹಿತ ಎರಡು ಹಂತದ ಲಾಗಿನ್ ಹಾಕಿ. ಖಾತೆ ನಿಮ್ಮ ನಂಬರಿನಲ್ಲಿರಲಿ, ಅಂಗಡಿಯವನ ನಂಬರಿನಲ್ಲಿ ಬೇಡ. ನನ್ನನ್ನು ಕೇಳಿದರೆ ಇನ್ನೂ ಒಳ್ಳೆಯದು ವಿಪಿಎನ್, ಅಂದರೆ ಮಗನ ಫೋನಿಗೂ ಮನೆಗೂ ನಡುವೆ ಬೀಗ ಹಾಕಿದ ಖಾಸಗಿ ದಾರಿ. ವೈರ್‌ಗಾರ್ಡ್, ಟೇಲ್‌ಸ್ಕೇಲ್ ಎರಡೂ ಅದಕ್ಕಿರುವ ತಂತ್ರಾಂಶಗಳು. ವೈರ್‌ಗಾರ್ಡ್ ಇರುವ ರೂಟರ್ ತಗೊಳ್ಳಿ, ಇಲ್ಲವಾದರೆ ಸದಾ ಆನ್ ಇರುವ ಚಿಕ್ಕ ಕಂಪ್ಯೂಟರಿನಲ್ಲಿ ಟೇಲ್‌ಸ್ಕೇಲ್ ಹಾಕಿ. ನನ್ನ ಮನೆಯಲ್ಲಿ ಇರುವುದು ಹಾಗೆ. ವೈಫೈ ಕ್ಯಾಮೆರಾ ಇದ್ದರೆ ಗೆಸ್ಟ್ ವೈಫೈಗೆ ಸೇರಿಸಿ. ಬ್ಯಾಂಕ್ ಆ್ಯಪ್ ಇರುವ ಫೋನು, ಲ್ಯಾಪ್‌ಟಾಪ್ ಜೊತೆ ಅದು ಒಂದೇ ನೆಟ್‌ವರ್ಕಿನಲ್ಲಿ ಇರುವುದು ಬೇಡ.

ಹ್ಯಾಕ್ ಮಾಡಲು ಸಾಧ್ಯವೇ ಇಲ್ಲದ ಕ್ಯಾಮೆರಾ ಅಂತ ಒಬ್ಬರು ದುಪ್ಪಟ್ಟು ಬೆಲೆ ಹೇಳ್ತಾರೆ. ತಗೊಳ್ಳಲಾ?

ಬೇಡ. ಅಂಥ ಕ್ಯಾಮೆರಾ ಇಲ್ಲ. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಅದನ್ನು ಪಾಸಾದದ್ದಕ್ಕೆ ಸರ್ಕಾರದ ಪರೀಕ್ಷಾ ಸಂಸ್ಥೆ ಎಸ್‌ಟಿಕ್ಯುಸಿಯ ಪ್ರಮಾಣಪತ್ರ ತೋರಿಸಿ ಅನ್ನಿ.

ಸೋಮವಾರಪೇಟೆ ಕಡೆಯವರು ನಾವು. ಮನೆಯಿಂದ ಕಣಕ್ಕೆ 80 ಮೀಟರ್ ಲ್ಯಾನ್ ಕೇಬಲ್ ಎಳೆದಿದ್ದೇವೆ. ಪ್ರತಿ ಏಪ್ರಿಲ್‌ನಲ್ಲಿ ಗುಡುಗಿಗೆ ಕ್ಯಾಮೆರಾ ಸುಡುತ್ತೆ.

ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ ಅನ್ನುವ ಲೆಕ್ಕ ಸರಿ. ಆದರೆ ಅದು ತಾಮ್ರ. ಸಿಡಿಲು ಹತ್ತಿರದಲ್ಲಿ ಬಿದ್ದರೂ ಸಾಕು, ಆ ತಂತಿಯಲ್ಲಿ ವೋಲ್ಟೇಜ್ ಎದ್ದು ಮನೆಯ ಎನ್‌ವಿಆರ್‌ವರೆಗೂ ಬರುತ್ತದೆ. ಎರಡು ಕಟ್ಟಡದ ನಡುವೆ ಫೈಬರ್ ಹಾಕಿ, ಅದು ಗಾಜು, ವಿದ್ಯುತ್ ಹರಿಯುವುದಿಲ್ಲ. ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್‌ಗೆ ಜೋಡಿಸುವ ಪೆಟ್ಟಿಗೆ) ಇಡಿ. ಕರೆಂಟನ್ನು ಕಣದ ಸ್ಟೋರಿನಿಂದಲೇ ಕೊಡಿ, ಅಲ್ಲಿ ಅರ್ತಿಂಗ್ ಸರಿಯಾಗಿರಲಿ.

ರೆಕಾರ್ಡಿಂಗ್ ಎಲ್ಲಾ ಕ್ಲೌಡಿನಲ್ಲೇ ಇಟ್ಟರೆ ಆಗಲ್ವಾ?

ಜುಲೈನಲ್ಲಿ ಮರ ಬಿದ್ದು ಫೈಬರ್ ತುಂಡಾದ ದಿನ ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಮನೆಯಲ್ಲೇ ಹಾರ್ಡ್ ಡಿಸ್ಕ್ ಇರಲಿ. 2 ಎಂಬಿಪಿಎಸ್‌ನಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21 ಜಿಬಿ ತಿನ್ನುತ್ತದೆ. ನಾಲ್ಕಕ್ಕೆ 1 ಟಿಬಿ ಹನ್ನೊಂದು ದಿನ ಬರುತ್ತದೆ.

ರಾತ್ರಿ ಚಿತ್ರದ ತುಂಬಾ ಬಿಳಿ ಬಿಳಿ ದಾರ.

ಜೇಡರ ಬಲೆ. ಕ್ಯಾಮೆರಾ ಸುತ್ತ ಹುಳ ಬರುತ್ತದೆ, ಹುಳ ತಿನ್ನಲು ಜೇಡ ಬರುತ್ತದೆ. ವಾರಕ್ಕೊಮ್ಮೆ ಒರೆಸಿ.

ತೋಟದ ಕೆಲಸಗಾರರ ಲೈನ್ ಮನೆಗಳ ಬಾಗಿಲಿಗೂ ಒಂದು ಕ್ಯಾಮೆರಾ ಹಾಕಿಸಬಹುದಾ?

ನಾನು ಹಾಕಿಕೊಡುವುದಿಲ್ಲ. ಅಲ್ಲಿ ಸಂಸಾರಗಳಿವೆ. ಗೇಟು, ಕಣ, ಸ್ಟೋರು ಸಾಕು.

ಕಣದಿಂದ ಮೆಣಸು ಕದ್ದೊಯ್ದರು. ವಿಡಿಯೋ ಇದೆ, ಆದರೆ ತಾರೀಖು 2000ನೇ ಇಸವಿ ತೋರಿಸ್ತಿದೆ.

ಎನ್‌ವಿಆರ್ ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಬ್ಯಾಟರಿ ಬದಲಾಯಿಸಿ, ಇಂಟರ್ನೆಟ್ಟಿನಿಂದ ಸಮಯ ಸರಿಮಾಡಿಕೊಳ್ಳುವ ಎನ್‌ಟಿಪಿ ಆನ್ ಮಾಡಿ. ಆದರೆ ಅದು ಆಮೇಲೆ. ಮೊದಲು ಎನ್‌ವಿಆರ್ ತೋರಿಸುವ ಸಮಯ, ನಿಮ್ಮ ಫೋನಿನ ಸಮಯ ಎರಡೂ ಕಾಣುವಂತೆ ಒಂದು ಫೋಟೋ ತೆಗೆಯಿರಿ, ವ್ಯತ್ಯಾಸ ಎಷ್ಟು ಅಂತ ಪೊಲೀಸರಿಗೆ ತೋರಿಸಬಹುದು. ಕೋರ್ಟಿಗೆ ಕೊಡುವ ನಕಲಿನ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಠಾಣೆಯಲ್ಲಿ ಕೇಳಿ. ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ, ಹಾಗಾಗಿ ಆ ರಾತ್ರಿಯ ವಿಡಿಯೋವನ್ನು ಇವತ್ತೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ.