ಹಗಲು ಕಾಣುವ ಗೇಟು ರಾತ್ರಿ ಮಾಯ

ಪ್ರಶ್ನೆ: ಅಡಿಕೆ ಒಣಗಿಸುವ ಅಂಗಳಕ್ಕೆ, ತೋಟಕ್ಕೆ ಅಂತ ನಾಲ್ಕು ಕ್ಯಾಮೆರಾ ಹಾಕಿಸಿದ್ದೇವೆ. ಗೇಟಿನ ಕ್ಯಾಮೆರಾಗೆ 90 ಮೀಟರಿನ ಕೇಬಲ್ ಸುರುಳಿ ಸಾಲಲಿಲ್ಲ. 25 ಮೀಟರ್ ತುಂಡೊಂದನ್ನು ನಾನೇ ಸುಲಿದು, ತಿರುಚಿ, ಟೇಪ್ ಸುತ್ತಿದೆ. ಹಗಲು ಚಿತ್ರ ಪರವಾಗಿಲ್ಲ. ಕತ್ತಲಾದರೆ ಬಂದು ಹೋಗಿ ಮಾಡುತ್ತದೆ. ಗೇಟಿನ ಹತ್ತಿರ ಮೀಟರ್ ಹಿಡಿದರೆ ಸರಿಯಾಗಿ 12 ವೋಲ್ಟ್ ಇದೆ. ಕ್ಯಾಮೆರಾನೇ ಹೋಗಿದೆಯಾ ಸರ್?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕ್ಯಾಮೆರಾ ಬಿಚ್ಚಬೇಡಿ, ಸ್ವಲ್ಪ ತಡೆಯಿರಿ. ಮೀಟರ್ ಹಿಡಿಯುವಾಗ ಕ್ಯಾಮೆರಾದ ಪವರ್ ಪಿನ್ ಕಿತ್ತಿದ್ರಿ ಅಲ್ವಾ? ಕರೆಂಟ್ ಎಳೆಯುವವರೇ ಇಲ್ಲದಾಗ ಎಷ್ಟು ಉದ್ದದ ವೈರಿನ ತುದಿಯಲ್ಲೂ 12 ತೋರಿಸುತ್ತದೆ. ಕತ್ತಲಾದ ಮೇಲೆ, ಕ್ಯಾಮೆರಾ ಓಡುತ್ತಿರುವಾಗಲೇ ಅಳೆದು ನೋಡಿ. ರಾತ್ರಿ ಐಆರ್ ಎಲ್‌ಇಡಿಗಳು, ಅಂದರೆ ಕತ್ತಲಲ್ಲಿ ಚಿತ್ರ ಕಾಣಲು ಇರುವ ಸಣ್ಣ ದೀಪಗಳು, ಹೊತ್ತಿಕೊಂಡರೆ ಕ್ಯಾಮೆರಾ ಜಾಸ್ತಿ ಕರೆಂಟ್ ಎಳೆಯುತ್ತದೆ. ವೈರು ಅರ್ಧ ಸ್ಕ್ವೇರ್ ಎಂಎಂ ಶುದ್ಧ ತಾಮ್ರದ್ದೇ ಅಂದುಕೊಳ್ಳಿ, ಹೋಗಿ ಬರುವ 230 ಮೀಟರಿಗೆ ಸುಮಾರು 8 ಓಮ್ ಆಯ್ತು, 0.4 ಆಂಪ್ ಎಳೆದರೆ 3 ವೋಲ್ಟಿಗೂ ಮೇಲೆ ದಾರಿಯಲ್ಲೇ ಕಳೆದುಹೋಗುತ್ತದೆ. ನಿಮ್ಮ ಕೇಬಲ್ಲಿನ ವೈರು ಇದಕ್ಕಿಂತ ತೆಳ್ಳಗಿದ್ದರೆ ಇನ್ನೂ ಕಷ್ಟ.

ಗೇಟಿನ ಹತ್ತಿರ ಕರೆಂಟ್ ಇದ್ದರೆ ಅಲ್ಲೇ ಒಂದು 12 ವೋಲ್ಟಿನ ಅಡಾಪ್ಟರ್ ಹಾಕಿ, ಹಳೆಯ ಪವರ್ ವೈರ್ ಬಿಚ್ಚಿಡಿ. ಇಲ್ಲದಿದ್ದರೆ ಪವರ್‌ಗೆ ಮಾತ್ರ ಬೇರೆಯಾಗಿ 1.5 ಸ್ಕ್ವೇರ್ ಎಂಎಂ ವೈರ್ ಎಳೆಯಿರಿ, ನಷ್ಟ ಒಂದು ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಎಸ್‌ಎಂಪಿಎಸ್‌ನ (ಎಲ್ಲ ಕ್ಯಾಮೆರಾಗಳಿಗೂ 12 ವೋಲ್ಟ್ ಕೊಡುವ ಪೆಟ್ಟಿಗೆ) ಸಣ್ಣ ಸ್ಕ್ರೂ ತಿರುಗಿಸಿ ವೋಲ್ಟ್ ಏರಿಸಿ ಅಂತ ಯಾರಾದರೂ ಹೇಳಬಹುದು. ಬೇಡ, ಅಂಗಳದ ಹತ್ತಿರದ ಕ್ಯಾಮೆರಾಗಳಿಗೂ ಅದೇ ಹೋಗುತ್ತದಲ್ಲ!

ಇನ್ನು ಆ ಜಾಯಿಂಟ್. ರಾತ್ರಿಯ ತೊಂದರೆಗೆ ಅದೂ ಸ್ವಲ್ಪ ಕಾರಣ ಇರಬಹುದು, ಆದರೆ ಹಾಗೇ ಬಿಟ್ಟರೆ ನಿಮ್ಮ ಕಡೆಯ ಒಂದು ಮಳೆಗಾಲ ಸಾಕು. ಟೇಪಿನ ಸಂದಿಯಲ್ಲಿ ನೀರು ಇಳಿದು, ಚಿತ್ರ ಸಾಗಿಸುವ ವೈರಿನ ಒಳಗಿನ ತಾಮ್ರದ ಜಾಲರಿ ಕಿಲುಬು ಹಿಡಿದು ಹಸಿರಾಗುತ್ತದೆ, ಚಿತ್ರದಲ್ಲಿ ಗೆರೆ, ನೆರಳು ಶುರುವಾಗುತ್ತದೆ. ತಿರುಚಿದ್ದನ್ನು ಕತ್ತರಿಸಿ ಚಿತ್ರದ ವೈರಿನ ಎರಡೂ ತುದಿಗೆ ಬಿಎನ್‌ಸಿ ಕನೆಕ್ಟರ್ ಹಾಕಿ, ನಡುವೆ ಎರಡು ಕಡೆಯೂ ಫೀಮೇಲ್ ಇರುವ ಜಾಯಿಂಟರ್ ಕೂರಿಸಿ. ಸುಲಿಯುವಾಗ ಅವಸರ ಬೇಡ. ಜಾಲರಿಯ ಕೂದಲಿನಂಥ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಚಿತ್ರ ಹೋಯಿತು, ನಾನು ಒಮ್ಮೆ ಅರ್ಧ ದಿನ ಏಣಿ ಹತ್ತಿ ಇಳಿದದ್ದು ಇದಕ್ಕೇ. ಪವರ್ ವೈರುಗಳನ್ನು ಬೆಸುಗೆ ಹಾಕಿ ಸ್ಲೀವ್ ಏರಿಸಿ. ಎಲ್ಲವನ್ನೂ ಒಂದು ಪಿವಿಸಿ ಡಬ್ಬಿಯೊಳಗೆ ಇಟ್ಟು, ವೈರು ಕೆಳಗಿನಿಂದ ಒಳಹೋಗುವ ಹಾಗೆ ಗೋಡೆಗೆ ಹೊಡೆಯಿರಿ.

ಪ್ರಶ್ನೆ: ಐಪಿ ಕ್ಯಾಮೆರಾದ (ನೆಟ್‌ವರ್ಕ್ ಕ್ಯಾಮೆರಾ) ಕ್ಯಾಟ್ 6 ನೆಟ್‌ವರ್ಕ್ ಕೇಬಲನ್ನು ಇಲಿ ಕಡಿದಿದೆ. ಬಣ್ಣ ನೋಡಿ ಗಂಟು ಹಾಕಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ಗಂಟು ಹಾಕಿದರೆ ಕೆಲವೊಮ್ಮೆ ಓಡುತ್ತದೆ, ಮಧ್ಯೆ ಮಧ್ಯೆ ಕೈಕೊಡುತ್ತದೆ. ಎರಡು ತುದಿಗೂ ಆರ್‌ಜೆ 45 ಪ್ಲಗ್ ಹಾಕಿ ಕಪ್ಲರ್‌ನಿಂದ ಸೇರಿಸಿ. ಒಟ್ಟು ಉದ್ದ 100 ಮೀಟರ್ ದಾಟಬಾರದು. ದಾಟಿದರೆ ನಡುವೆ ನೆಟ್‌ವರ್ಕ್ ಸ್ವಿಚ್ ಇಡಬೇಕು. ಮತ್ತೆ, ಕೇಬಲನ್ನು ಈ ಸಲ ಪೈಪಿನೊಳಗೆ ತೂರಿಸಿ, ಇಲಿ ಎಲ್ಲೂ ಹೋಗಿಲ್ಲ ತಾನೇ.