ಮೈಸೂರಿನಲ್ಲಿ ಒಂದೇ ದಿನದಲ್ಲಿ ಮಿನಿಯೇಚರ್ ವಾರ್‌ಗೇಮ್ ಟೂರ್ನಮೆಂಟ್ ನಡೆಸುವುದು ಹೇಗೆ?

ಮಿನಿಯೇಚರ್ ವಾರ್‌ಗೇಮ್ ಎಂದರೆ ಪುಟ್ಟ ಗೊಂಬೆ ಸೈನ್ಯಗಳನ್ನು ಟೇಬಲ್ಲಿನ ಮೇಲೆ ಕಾದಾಡಿಸುವ ಆಟ. ಎಂಟು ಜನ ಇದ್ದೀರಿ, ಒಂದು ಭಾನುವಾರ ಸಿಗುತ್ತದೆ, ಶ್ರೀರಂಗಪಟ್ಟಣದ 1799ರ ಮುತ್ತಿಗೆಯನ್ನೇ ಆಡಿಸಬಹುದೇ ಎಂದು ಕೇಳಿದ್ದೀರಿ. ಮುತ್ತಿಗೆ ಬೇಡ. ಒಳಗಿನವರು ಕಾಯುವುದು, ಹೊರಗಿನವರು ಗೋಡೆ ಒಡೆಯುವುದು ನೋಡಲು ಚೆಂದ, ಆದರೆ ಇಬ್ಬರಿಗೂ ಒಂದೇ ಅಳತೆಯಲ್ಲಿ ಅಂಕ ಕೊಡಲಾಗದು. ಮೊದಲ ಸಲಕ್ಕೆ ಡಿಬಿಎ (De Bellis Antiquitatis) ಎಂಬ ನಿಯಮಪುಸ್ತಕ ಹಿಡಿಯಿರಿ. ಅದು ಪ್ರಾಚೀನ, ಮಧ್ಯಯುಗದ ಕಾಳಗಗಳಿಗೆ ಮಾಡಿದ್ದು, ಟಿಪ್ಪುವಿನ ರಾಕೆಟ್ಟಿಗೆ ಜಾಗವಿಲ್ಲ. ಊರಿನದೇ ಕಥೆ ಬೇಕಿದ್ದರೆ ತಲಕಾಡಿನಲ್ಲಿ ಚೋಳರ ಮೇಲೆ ವಿಷ್ಣುವರ್ಧನ ಗೆದ್ದದ್ದಿದೆ. ಜೊತೆಗೆ ಅಲೆಕ್ಸಾಂಡರ್–ಪೌರವ (ಪೋರಸ್) ಕಾಳಗ ಇಡಿ.

ಡಿಬಿಎಯಲ್ಲಿ ಒಂದು ಸೈನ್ಯಕ್ಕೆ 12 ತುಕಡಿ ಮಾತ್ರ, ಆಟ ಸುಮಾರು ಒಂದು ಗಂಟೆಯದು. 15 ಮಿ.ಮೀ. ಗೊಂಬೆಗಳಾದರೆ ಪ್ರತಿ ಬೇಸಿನ, ಅಂದರೆ ಒಂದು ತುಕಡಿಯ ಗೊಂಬೆಗಳನ್ನು ಅಂಟಿಸುವ ಚಪ್ಪಟೆ ತುಂಡಿನ, ಅಗಲ 40 ಮಿ.ಮೀ. ಭಾರೀ ಕಾಲಾಳು ತುಕಡಿಗೆ ನಾಲ್ಕು ಗೊಂಬೆ, ಕುದುರೆ ತುಕಡಿಗೆ ಮೂರು, ಆನೆಯಾದರೆ ಒಂದೇ.

ನಮ್ಮ ಕಡೆ ಟೂರ್ನಮೆಂಟ್ ಕೆಡುವುದು ಸೈನ್ಯದ ವಿಷಯದಲ್ಲೇ. "ಅವರವರ ಸೈನ್ಯ ತನ್ನಿ" ಎಂದರೆ ಇಬ್ಬರ ಹತ್ತಿರ ಇರುತ್ತದೆ, ಮೂವರದು ಅರ್ಧಕ್ಕೆ ಬಣ್ಣ ಹಚ್ಚಿ ನಿಂತಿರುತ್ತದೆ, ಉಳಿದವರ ಪಾರ್ಸೆಲ್ ಇನ್ನೂ ಕಸ್ಟಮ್ಸ್‌ನಲ್ಲಿರುತ್ತದೆ. ಸೈನ್ಯ ನೀವೇ ಒದಗಿಸಿ. ನಾಲ್ಕು ಟೇಬಲ್, ಟೇಬಲ್ಲಿಗೊಂದು ಜೋಡಿ ಸೈನ್ಯ, ಒಟ್ಟು 96 ತುಕಡಿ. ಯಾವ ಜೋಡಿಯೂ ತಕ್ಕಡಿಯಂತೆ ಸಮ ಇರುವುದಿಲ್ಲ. ಅದಕ್ಕೆ ಅಣ್ಣತಮ್ಮಂದಿರು ಗದ್ದೆ ಹಂಚಿಕೊಳ್ಳುವ ಉಪಾಯ: ಒಬ್ಬರು ಗುಡ್ಡ, ಕಾಡು ಜೋಡಿಸಲಿ, ಇನ್ನೊಬ್ಬರು ಸೈನ್ಯವನ್ನೂ ಅದನ್ನು ನಿಲ್ಲಿಸುವ ಟೇಬಲ್ಲಿನ ಅಂಚನ್ನೂ ಆರಿಸಿಕೊಳ್ಳಲಿ. ಯಾರು ಯಾವ ಟೇಬಲ್ಲಿನಲ್ಲಿ ಆಡಿದರು ಎಂದು ಚಾರ್ಟಿನಲ್ಲಿ ಗುರುತು ಹಾಕುತ್ತಾ ಹೋಗಿ, ಸಾಧ್ಯವಾದಷ್ಟು ಒಂದೇ ಜೋಡಿ ಮತ್ತೆ ಬರದಂತೆ ನೋಡಿಕೊಳ್ಳಿ.

ಆಟದ ಹಲಗೆಗೆ 8×4 ಅಡಿಯ ಒಂದೇ ಪ್ಲೈವುಡ್ ಶೀಟ್ ಸಾಕು, ಎರಡಡಿ ಚೌಕದ ಎಂಟು ತುಂಡು ಬರುತ್ತವೆ. ಎರಡೂ ಬದಿಗೆ ಬಣ್ಣ ಬಳಿಯಿರಿ. ಒಂದೇ ಬದಿಗೆ ಬಳಿದರೆ ಮಳೆಗಾಲದಲ್ಲಿ ಸೊಟ್ಟಗಾಗುತ್ತದೆ. ಥರ್ಮಾಕೋಲ್ ಗುಡ್ಡಕ್ಕೆ ಸ್ಪ್ರೇ ಬಣ್ಣ ಹೊಡೆದರೆ ಕರಗಿಹೋಗುತ್ತದೆ, ಎಮಲ್ಷನ್ ಹಚ್ಚಿ. ಗುಡ್ಡವನ್ನು ಇಳಿಜಾರಾಗಿ ಉಜ್ಜಿದರೆ ತುಕಡಿ ನಿಲ್ಲದೆ ಜಾರುತ್ತದೆ, ಮೆಟ್ಟಿಲಾಗಿ ಕತ್ತರಿಸಿ. ಕಾಡಿನ ಮರಗಳನ್ನು ಅಂಟಿಸಬೇಡಿ. ಬಟ್ಟೆಯ ತುಂಡು ಕಾಡಿನ ಗಡಿ ತೋರಿಸಲಿ, ಮರಗಳನ್ನು ಬೇಕಾದಾಗ ಎತ್ತಿಡಬಹುದು. ಅಳತೆಗೆ ಟೇಪ್ ಬದಲು 40, 80, 120, 160 ಮಿ.ಮೀ. ಕಡ್ಡಿಗಳನ್ನು ಕತ್ತರಿಸಿ ಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಇನ್ನರ್ಧ ನಿಯಮದ ಆವೃತ್ತಿಯಿಂದ ಬರುತ್ತದೆ: 2014ರ 3.0 ಮತ್ತು ಹಳೆಯ 2.2ರಲ್ಲಿ ನಡೆಯ ದೂರ ಬೇರೆ. ಯಾವುದು ಎಂದು ಆಹ್ವಾನದಲ್ಲೇ ಬರೆಯಿರಿ.

ಜಾಗಕ್ಕೆ ಆಷಾಢ ಒಳ್ಳೆಯದು, ಮದುವೆಗಳಿರುವುದಿಲ್ಲ, ಛತ್ರ ಸುಲಭವಾಗಿ ಸಿಗುತ್ತದೆ. ಅಲ್ಲಿನ ಊಟದ ಟೇಬಲ್ ಕಿರಿದು. ಹಲಗೆಗೆ ಎರಡನ್ನು ಜೋಡಿಸಿಕೊಳ್ಳಿ. ಫ್ಯಾನಿನ ನೇರ ಕೆಳಗೆ ಹಾಕಬೇಡಿ, ಹಗುರ ಮರಗಳು ಹಾರುತ್ತವೆ. ಕಾಫಿ ಲೋಟಕ್ಕೆ ಬೇರೆ ಬೆಂಚು ಇರಲಿ.

ಚದುರಂಗದ ಸ್ವಿಸ್ ಪದ್ಧತಿಯಲ್ಲಿ (ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಸಮ ಅಂಕದವರನ್ನು ಎದುರುಬದುರು ಕೂರಿಸುವುದು) ಎಂಟು ಜನಕ್ಕೆ ಮೂರು ಸುತ್ತು ಸಾಕು: 10 ಗಂಟೆಗೆ, 11:30ಕ್ಕೆ, ಊಟದ ನಂತರ 2ಕ್ಕೆ, ತಲಾ 75 ನಿಮಿಷ. ಗೆದ್ದರೆ 3, ಡ್ರಾ ಆದರೆ 1. ಅಂಕ ಸಮವಾದರೆ ಕೊಂದ ತುಕಡಿಗಳಿಂದ ಕಳೆದುಕೊಂಡವನ್ನು ಕಳೆದು ನೋಡಿ. ಕೊಂದದ್ದಕ್ಕೇ ನೇರ ಅಂಕ ಇಟ್ಟರೆ ಗೆದ್ದಾಗಿರುವವರೂ ಆಟ ಎಳೆಯುತ್ತಾರೆ. ಗಂಟೆ ಬಾರಿಸಿದಾಗ ಮೊದಲು ಆಡಿದವರ ಸರದಿ ನಡೆಯುತ್ತಿದ್ದರೆ ಎದುರಾಳಿಯ ಸರದಿಯೂ ಮುಗಿಯಲಿ, ಇಬ್ಬರಿಗೂ ಸಮ ಸರದಿ ಸಿಗಬೇಕು.

ಚೆಸ್ ಗಡಿಯಾರ ಇಡೋಣ ಎನ್ನುವವರಿರುತ್ತಾರೆ. ಇಲ್ಲಿ ಎದುರಾಳಿಯ ಸರದಿಯಲ್ಲೂ ಇಬ್ಬರೂ ದಾಳ ಉರುಳಿಸಬೇಕು, ಹಿಂದೆ ಸರಿಯಬೇಕು, ಹಾಗಾಗಿ ಯಾರ ಗಡಿಯಾರ ಓಡಬೇಕೆಂಬುದೇ ತಕರಾರಾಗುತ್ತದೆ. ಅದಕ್ಕಿಂತ ಆಡದ ಒಬ್ಬ ತೀರ್ಪುಗಾರ 45ನೇ ನಿಮಿಷಕ್ಕೆ ಒಮ್ಮೆ ಸುತ್ತಿ ಬಂದು ನಿಧಾನದವರನ್ನು ಎಚ್ಚರಿಸಲಿ. ಬೆಳಿಗ್ಗೆ ಒಬ್ಬರು ಕೈಕೊಟ್ಟರೆ ಆ ಕುರ್ಚಿಗೆ ತೀರ್ಪುಗಾರರೇ ಕೂರಬಹುದು, ಅಂಕಪಟ್ಟಿಯಲ್ಲಿ ಅವರ ಹೆಸರು ಬೇಡ.